ಫಿಫಾಕ್ಕೆ ಬಿಸಿಲು ಗೊತ್ತಿತ್ತು

ಕತಾರಿನ 2022ರ ಫುಟ್‌ಬಾಲ್ ವಿಶ್ವಕಪ್ ಮುಗಿದು ವರ್ಷಗಳಾದವು, ಈಗ್ಯಾಕೆ ಇದೆಲ್ಲ ಅಂತ ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಅಲ್ಲಿ ದುಡಿದು ಸತ್ತ ವಲಸೆ ಕೆಲಸಗಾರರ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ. ಚುಕ್ತಾ ಮಾಡಬೇಕಾದವರು, ಅಂದರೆ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದವರು, 2034ರ ಟೂರ್ನಿಯನ್ನು ಸೌದಿಗೆ ಕೊಟ್ಟು ಕೂತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡಿಕೊಂಡು ಓದಿ.

ನನ್ನ ವಾದ ಸಣ್ಣದು. ಕತಾರಿನ ಬಿಸಿಲು ಎಂಥದು ಅಂತ ನಮಗೆ ತಿಳಿದಿರಲಿಲ್ಲ ಎಂದು ಫಿಫಾ ಹೇಳುವ ಹಾಗೇ ಇಲ್ಲ. 2010ರಲ್ಲಿ ಮತ ಹಾಕುವ ಮುಂಚೆ ಫಿಫಾದ್ದೇ ಒಂದು ತಂಡ ಪೈಪೋಟಿಯಲ್ಲಿದ್ದ ದೇಶಗಳನ್ನೆಲ್ಲ ನೋಡಿ ವರದಿ ಬರೆಯಿತು. ಕತಾರಿನ ವರದಿಯಲ್ಲಿ ಒಂದು ಎಚ್ಚರಿಕೆ ಇದೆ. ಜೂನ್, ಜುಲೈ ಆ ಭಾಗದಲ್ಲಿ ಅತಿ ಬಿಸಿಯ ತಿಂಗಳುಗಳು. ಆಗ ಟೂರ್ನಿ ನಡೆಸಿದರೆ ಆಟಗಾರರು, ಅಧಿಕಾರಿಗಳು, ಫಿಫಾ ಬಳಗದವರು, ಪ್ರೇಕ್ಷಕರು ಇವರೆಲ್ಲರ ಆರೋಗ್ಯಕ್ಕೆ ಅಪಾಯ ಆಗಬಹುದು ಅಂತ. ಆ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ತಿಂಗಳ ಮಟ್ಟಿಗೆ ಬಂದು ಹೋಗುವವರೆಲ್ಲ ಇದ್ದಾರೆ. ಹತ್ತು ಬೇಸಿಗೆ ಅಲ್ಲೇ ನಿಂತು ಸ್ಟೇಡಿಯಂ ಕಟ್ಟಬೇಕಾದವರು ಇಲ್ಲ.

2010ರ ಡಿಸೆಂಬರ್ 2ರಂದು ಜ್ಯೂರಿಚ್‌ನಲ್ಲಿ 22 ಜನ ಮತ ಹಾಕಿದರು. ಕೊನೆಯ ಸುತ್ತಿನಲ್ಲಿ ಕತಾರಿಗೆ 14, ಅಮೆರಿಕಕ್ಕೆ 8. ಆಮೇಲೆ ಆ ಮತಗಳ ಹಿಂದೆ ಏನೇನು ನಡೆಯಿತು ಅನ್ನೋದು ಬೇರೆಯೇ ಪುರಾಣ, ಅದನ್ನು ಬಿಡೋಣ. ಐದು ವರ್ಷದೊಳಗೆ, 2015ರ ಮಾರ್ಚ್‌ನಲ್ಲಿ, ಟೂರ್ನಿಯನ್ನೇ ನವೆಂಬರ್-ಡಿಸೆಂಬರಿಗೆ ಸರಿಸಿದರು. ಕಾರಣ ಬಿಸಿಲು. ಯುರೋಪಿನ ಲೀಗ್‌ಗಳು ಸಿಟ್ಟಾದವು, ಕ್ಲಬ್ಬುಗಳು ಗಲಾಟೆ ಮಾಡಿದವು. ಆದರೂ ಸರಿಸಿದರು. ಸರಿಯಾಗಿಯೇ ಮಾಡಿದರು, ನಾನು ಬೇಡ ಅನ್ನಲ್ಲ.

ಅದೇ ಹೊತ್ತಿನಲ್ಲಿ ಕಬ್ಬಿಣ ಕಟ್ಟುವವನಿಗೆ ಕತಾರಿನ ಕಾನೂನಿನಲ್ಲಿ ಇದ್ದ ರಕ್ಷಣೆ ಏನು? 2007ರ ಒಂದು ನಿಯಮ. ಜೂನ್ 15ರಿಂದ ಆಗಸ್ಟ್ 31ರವರೆಗೆ, ಬೆಳಿಗ್ಗೆ 11:30ರಿಂದ ಮಧ್ಯಾಹ್ನ 3ರವರೆಗೆ ಬಯಲಲ್ಲಿ ಕೆಲಸ ಮಾಡಿಸಬಾರದು. ಬೆಳಿಗ್ಗೆ ಒಂಬತ್ತಕ್ಕೆ ಅಲ್ಲಿ ಹೇಗಿರುತ್ತದೆ, ಸೆಪ್ಟೆಂಬರಿನಲ್ಲಿ ಸಮುದ್ರದ ಕಡೆಯ ಸೆಕೆ ಸೇರಿಕೊಂಡರೆ ಏನಾಗುತ್ತದೆ ಅಂತ ಇದ್ದು ಬಂದವರನ್ನು ಕೇಳಬೇಕು. ಈ ಗಂಟೆಗಳನ್ನು ಹಿಗ್ಗಿಸಿದ್ದು 2021ರ ಮೇ ತಿಂಗಳಲ್ಲಿ. ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ, ಬೆಳಿಗ್ಗೆ 10ರಿಂದ 3:30ರವರೆಗೆ. ಅಷ್ಟು ಹೊತ್ತಿಗೆ ಸ್ಟೇಡಿಯಂಗಳ ಕೆಲಸ ಬಹುಪಾಲು ಮುಗಿದಿತ್ತು.

ನಮ್ಮ ಕರಾವಳಿಯವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ. ಉಡುಪಿ, ಮಂಗಳೂರು, ಭಟ್ಕಳದ ಕಡೆ ಗಲ್ಫಿಗೆ ಒಬ್ಬರಾದರೂ ಹೋಗದ ಕುಟುಂಬ ಹುಡುಕಬೇಕು. ದೋಹಾದಲ್ಲಿ ಕರ್ನಾಟಕ ಸಂಘ ಇದೆ, ರಾಜ್ಯೋತ್ಸವ ಆಗುತ್ತದೆ. ಕಫೀಲ, ಎನ್‌ಒಸಿ, ಎಕ್ಸಿಟ್ ಪರ್ಮಿಟ್ ಇವೆಲ್ಲ ನಾವು ಮನೆ ಜಗಲಿಯಲ್ಲೇ ಕೇಳಿ ಬೆಳೆದ ಮಾತುಗಳು. ಘಟ್ಟದ ಮೇಲಿನವರಿಗಾಗಿ ಒಂದೆರಡು ಮಾತು: ಕಫಾಲಾ ಪದ್ಧತಿಯಲ್ಲಿ ನಿಮ್ಮ ವೀಸಾ ನಿಮ್ಮ ಮಾಲೀಕನ, ಅಂದರೆ ಕಫೀಲನ, ಹೆಸರಿಗೆ ಗಂಟು ಬಿದ್ದಿರುತ್ತದೆ. ಅವನು ಎನ್‌ಒಸಿ ಕೊಡದೆ ಬೇರೆ ಕಡೆ ಕೆಲಸಕ್ಕೆ ಸೇರುವಂತಿರಲಿಲ್ಲ. ಅವನು ಒಪ್ಪದೆ ದೇಶ ಬಿಟ್ಟು ಹೊರಡುವ ಹಾಗೂ ಇರಲಿಲ್ಲ. ಊರಿನಲ್ಲಿ ಏಜೆಂಟನಿಗೆ ಕೊಟ್ಟ ದುಡ್ಡಿನ ಸಾಲ ಬೇರೆ ತಲೆ ಮೇಲೆ. ಹಾಗಿರುವಾಗ ತಲೆ ತಿರುಗುತ್ತಿದೆ, ಇವತ್ತು ಕೆಲಸ ಬೇಡ ಅಂತ ಯಾರು ಹೇಳುತ್ತಾರೆ?

ಈಗ ಸಾವಿನ ಲೆಕ್ಕಕ್ಕೆ ಬರೋಣ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಬೇಕು, ಯಾಕೆಂದರೆ ವಾಟ್ಸಾಪ್‌ನಲ್ಲಿ ಓಡಾಡಿದ ಸಂಖ್ಯೆಗಳೆಲ್ಲ ಕಲಸುಮೇಲೋಗರ. ಸ್ಟೇಡಿಯಂ ಕಟ್ಟುವಾಗ 6,500 ಜನ ಸತ್ತರು ಅಂತ ಒಂದು ಪೋಸ್ಟ್ ನೀವೂ ನೋಡಿರುತ್ತೀರಿ. ಅದು ಹಾಗಲ್ಲ. 2021ರ ಫೆಬ್ರವರಿಯಲ್ಲಿ ಗಾರ್ಡಿಯನ್ ಪತ್ರಿಕೆ ಹೇಳಿದ್ದು ಇಷ್ಟು: ವಿಶ್ವಕಪ್ ಸಿಕ್ಕ ದಿನದಿಂದ ಭಾರತ, ನೇಪಾಳ, ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾ ಈ ಐದು ದೇಶಗಳಿಂದ ಹೋದವರಲ್ಲಿ 6,500ಕ್ಕೂ ಹೆಚ್ಚು ಜನ ಕತಾರಿನಲ್ಲಿ ತೀರಿಕೊಂಡಿದ್ದಾರೆ. ಇದರಲ್ಲಿ ಎಲ್ಲ ಕೆಲಸದವರೂ ಇದ್ದಾರೆ, ಎಲ್ಲ ಕಾರಣಗಳೂ ಇವೆ. ಅಪಘಾತ, ಕಾಯಿಲೆ, ಆತ್ಮಹತ್ಯೆ ಎಲ್ಲ ಸೇರಿದೆ. ಈ ಕಡೆ ಕತಾರಿನ ಸುಪ್ರೀಂ ಕಮಿಟಿ, ಅಂದರೆ ವಿಶ್ವಕಪ್ ಏರ್ಪಾಟಿನ ಸಮಿತಿ, ಸ್ಟೇಡಿಯಂ ಕೆಲಸದಿಂದಲೇ ಆದ ಸಾವು 3 ಎಂದಿತು. ಸ್ಟೇಡಿಯಂ ಕೆಲಸಗಾರರಲ್ಲೇ ಬೇರೆ ಕಾರಣಕ್ಕೆ ಸತ್ತವರು 37. ಆಮೇಲೆ ಟೂರ್ನಿ ನಡೆಯುತ್ತಿರುವಾಗಲೇ ಅದೇ ಸಮಿತಿಯ ಮುಖ್ಯಸ್ಥ ಹಸನ್ ಅಲ್-ಥವಾಡಿ ಟಿವಿಯಲ್ಲಿ 400ರಿಂದ 500ರ ನಡುವೆ ಇರಬಹುದು ಎಂದುಬಿಟ್ಟರು!

ಮೂರು, ಐನೂರು, ಆರೂವರೆ ಸಾವಿರ. ಇಷ್ಟು ಅಂತರ ಯಾಕೆ? ಯಾರೂ ಸರಿಯಾಗಿ ಎಣಿಸಲೇ ಇಲ್ಲ. ಮೊದಲನೆಯದಾಗಿ, ಸುಪ್ರೀಂ ಕಮಿಟಿಯ ಲೆಕ್ಕ ಸ್ಟೇಡಿಯಂ ಬೇಲಿಯೊಳಗೆ ಮುಗಿಯುತ್ತದೆ. ಮೆಟ್ರೊ, ರಸ್ತೆ, ಹೋಟೆಲು, ಲುಸೈಲ್ ಎಂಬ ಇಡೀ ಊರು, ಇವುಗಳ ಕೆಲಸಗಾರರು ಅದಕ್ಕೆ ಬರಲ್ಲ. ಆ ಮೆಟ್ರೊ ಇಲ್ಲದೆ ಫೈನಲ್ಲಿಗೆ ಯಾರು ಹೋಗಿ ಮುಟ್ಟುತ್ತಿದ್ದರು? ಎರಡನೆಯದು ಇನ್ನೂ ಕೆಟ್ಟದ್ದು. ಭಾರತೀಯರ ಸಾವುಗಳಲ್ಲಿ ಶೇ 80ರಷ್ಟಕ್ಕೆ 'ಸಹಜ ಸಾವು' ಅಂತ ಬರೆದಿದ್ದಾರೆ. ಹೃದಯ ನಿಂತಿತು, ಉಸಿರಾಟ ನಿಂತಿತು. ಬಹಳಷ್ಟು ಸಲ ಪೋಸ್ಟ್‌ಮಾರ್ಟಂ ಇಲ್ಲ. ಹೊರಡುವ ಮುಂಚೆ ಮೆಡಿಕಲ್ ಪಾಸಾಗಿ ಹೋದ ಗಟ್ಟಿಮುಟ್ಟಾದ ಹುಡುಗರು ಇವರು. 2014ರಲ್ಲೇ, ಕತಾರ್ ಸರ್ಕಾರವೇ ನೇಮಿಸಿದ ವಕೀಲರ ಸಂಸ್ಥೆ, ಹೀಗೆ ಹಠಾತ್ತಾಗಿ ಸಾಯುತ್ತಿರುವವರ ಬಗ್ಗೆ ಅಧ್ಯಯನ ಮಾಡಿಸಿ, ಪೋಸ್ಟ್‌ಮಾರ್ಟಂಗೆ ಅವಕಾಶ ಕೊಡಿ ಅಂತ ಸಲಹೆ ಮಾಡಿತ್ತು.

ಪೋಸ್ಟ್‌ಮಾರ್ಟಂ ಆಗದಿದ್ದರೆ ಮನೆಯವರಿಗೆ ಏನಾಗುತ್ತದೆ ಗೊತ್ತಾ? ಸಹಜ ಸಾವು ಎಂದರೆ ಕೆಲಸಕ್ಕೆ ಸಂಬಂಧವಿಲ್ಲ, ಕಂಪನಿ ಪರಿಹಾರ ಕೊಡಬೇಕಾಗಿಲ್ಲ. ನಮ್ಮ ಸರ್ಕಾರದ ಪ್ರವಾಸಿ ಭಾರತೀಯ ಬಿಮಾ ಯೋಜನೆಯ 10 ಲಕ್ಷ ರೂಪಾಯಿ ಕೂಡ ಅಪಘಾತದ ಸಾವಿಗೆ. ಬಿಸಿಲಿಗೆ ಬಸವಳಿದು ರಾತ್ರಿ ಕ್ಯಾಂಪಿನಲ್ಲಿ ಮಲಗಿದವನು ಬೆಳಿಗ್ಗೆ ಏಳದಿದ್ದರೆ ಅದು ಯಾವ ಕಾಲಂಗೂ ಹೊಂದಲ್ಲ. ಊರಿಗೆ ಪೆಟ್ಟಿಗೆ ಬರುತ್ತದೆ, ಸಾಲ ಹಾಗೇ ಉಳಿಯುತ್ತದೆ.

ಇದರಲ್ಲಿ ಫಿಫಾ ಏನು ಮಾಡೋಕಾಗುತ್ತೆ, ಅದೊಂದು ಆಟದ ಸಂಸ್ಥೆ ಅಲ್ವಾ ಅನ್ನುವವರಿದ್ದಾರೆ. 2016ರ ಕೊನೆಗೆ ನೆದರ್‌ಲ್ಯಾಂಡ್ಸಿನ ಕಾರ್ಮಿಕ ಸಂಘಟನೆ ಒಂದು ಮತ್ತು ಬಾಂಗ್ಲಾದೇಶದ ಕೆಲಸಗಾರರೊಬ್ಬರು ಫಿಫಾ ವಿರುದ್ಧ ಜ್ಯೂರಿಚ್ ಕೋರ್ಟಿಗೂ ಹೋಗಿದ್ದರು. ಮರು ತಿಂಗಳೇ ಕೇಸು ವಜಾ ಆಯಿತು. ಸರಿ, ಕೋರ್ಟಿನ ಮಾತು ಬಿಡಿ, ದುಡ್ಡಿನ ಮಾತಾಡೋಣ. ಆಟಗಾರರನ್ನು ಕಳಿಸಿಕೊಟ್ಟ ಕ್ಲಬ್ಬುಗಳಿಗೆ ಫಿಫಾ ಈ ಒಂದು ವಿಶ್ವಕಪ್ಪಿಗೆ ಕೊಟ್ಟದ್ದು 20.9 ಕೋಟಿ ಡಾಲರ್. ಒಬ್ಬ ಆಟಗಾರನಿಗೆ ದಿನಕ್ಕೆ 10 ಸಾವಿರ ಡಾಲರಿಗೂ ಮೇಲೆ, ಅವನು ಬೆಂಚಲ್ಲಿ ಕೂತಿದ್ದರೂ ಸರಿ. ನಿಮ್ಮ ಆಳನ್ನು ನಮ್ಮ ಕೆಲಸಕ್ಕೆ ಕರೆಸಿಕೊಂಡಿದ್ದೇವೆ, ನಿಮಗಾದ ನಷ್ಟ ನಾವು ಕೊಡುತ್ತೇವೆ ಅನ್ನುವ ಲೆಕ್ಕ. ಇದೇ ಕತಾರ್ 2021ರಲ್ಲಿ ಜಾರಿಗೆ ತಂದ ಕನಿಷ್ಠ ಸಂಬಳ ತಿಂಗಳಿಗೆ 1,000 ರಿಯಾಲ್, ಊಟ ವಸತಿ ಬೇರೆ. ಡಾಲರಿನಲ್ಲಿ 275ರ ಆಸುಪಾಸು. ಅಂದರೆ ನಷ್ಟ ತುಂಬಿಕೊಡುವುದು ಹೇಗೆ ಅಂತ ಫಿಫಾಕ್ಕೆ ಚೆನ್ನಾಗಿ ಗೊತ್ತು. ಯಾರಿಗೆ ಅನ್ನುವುದರಲ್ಲೇ ತಕರಾರು.

2022ರ ಮೇ ತಿಂಗಳಲ್ಲಿ ಆಮ್ನೆಸ್ಟಿ, ಹ್ಯೂಮನ್ ರೈಟ್ಸ್ ವಾಚ್ ಮುಂತಾದ ಮಾನವ ಹಕ್ಕು ಸಂಘಟನೆಗಳು ಕೆಲಸಗಾರರ ಪರಿಹಾರಕ್ಕೆ ಅಂತ ಫಿಫಾದಿಂದ ಕೇಳಿದ್ದು 44 ಕೋಟಿ ಡಾಲರ್. ಟೂರ್ನಿಯ ಬಹುಮಾನದ ಮೊತ್ತವೂ ಅಷ್ಟೇ. ಆ ನಾಲ್ಕು ವರ್ಷದ ಅವಧಿಯಲ್ಲಿ ಫಿಫಾದ ಆದಾಯ 750 ಕೋಟಿ ಡಾಲರ್ ದಾಟಿತ್ತು. ಕೊಡಲಿಲ್ಲ. ಕತಾರಿನ ಕಾರ್ಮಿಕ ಮಂತ್ರಿ ಇದು ಪ್ರಚಾರದ ಗಿಮಿಕ್ ಎಂದರು. ಟೂರ್ನಿ ಶುರುವಾಗುವ ಹಿಂದಿನ ದಿನ ಫಿಫಾ ಅಧ್ಯಕ್ಷ ಇನ್‌ಫ್ಯಾಂಟಿನೊ ಸಾಹೇಬರು ಮೈಕ್ ಮುಂದೆ ಕೂತು, ಇವತ್ತು ನನಗೆ ನಾನೇ ವಲಸೆ ಕಾರ್ಮಿಕ ಅನ್ನಿಸುತ್ತಿದೆ ಅಂದರು. ಆ ಕ್ಲಿಪ್ ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅದೇ ಭಾಷಣದಲ್ಲಿ ಅವರು ಹೇಳಿದ ಇನ್ನೊಂದು ಮಾತಿಗೆ ನಮ್ಮ ಕಡೆ ತುಂಬಾ ಜನ ಚಪ್ಪಾಳೆ ಹೊಡೆದರು. ಯುರೋಪಿನವರು ಪಾಠ ಹೇಳುವ ಮೊದಲು ತಾವು ಮೂರು ಸಾವಿರ ವರ್ಷ ಮಾಡಿದ್ದಕ್ಕೆ ಕ್ಷಮೆ ಕೇಳಲಿ ಅಂತ. ಯುರೋಪಿನವರ ಸೋಗು ನನಗೂ ಸಾಕಾಗಿದೆ. ಕತಾರ್ ನಮಗೆ ಅನ್ನ ಕೊಟ್ಟಿದೆ ಅನ್ನೋದೂ ಸುಳ್ಳಲ್ಲ, ಎಷ್ಟೋ ಮನೆಗಳ ಮಾಡು ಎದ್ದಿದ್ದು, ತಂಗಿಯರ ಮದುವೆ ಆಗಿದ್ದು ಆ ದುಡ್ಡಿನಲ್ಲೇ. ವಿಶ್ವಕಪ್ಪಿನ ಕಣ್ಣು ಬಿದ್ದಿದ್ದರಿಂದಲೇ 2018ರಿಂದ ಒಂದೊಂದಾಗಿ ಕಾನೂನು ಸಡಿಲವಾಯಿತು. ಎಕ್ಸಿಟ್ ಪರ್ಮಿಟ್ ಹೋಯಿತು, 2020ರಲ್ಲಿ ಕಾನೂನಿನ ಮಟ್ಟಿಗೆ ಎನ್‌ಒಸಿಯೂ ಹೋಯಿತು. ಇದನ್ನೇ ತೋರಿಸಿ ಫಿಫಾ ಬೆನ್ನು ತಟ್ಟಿಕೊಳ್ಳುತ್ತದೆ. ನನಗೆ ಕಾಣುವುದು ಬೇರೆ. ಎಂಟು-ಹತ್ತು ವರ್ಷ ಸುಮ್ನಿದ್ದು ಕೊನೆಗೆ ಒತ್ತಡ ಬಿದ್ದಾಗ ಇಷ್ಟಾಯಿತು. 2010ರಲ್ಲಿ ಸಹಿ ಹಾಕುವ ಮುಂಚೆಯೇ ಶರತ್ತು ಹಾಕಿದ್ದರೆ? ಇಡೀ ಜಗತ್ತೇ ಬೇಕು ಅನ್ನುವ ಟೂರ್ನಿ ಅವರ ಕೈಯಲ್ಲಿತ್ತು.

ಮೇಲಿನವರು ಜಾರಿಕೊಳ್ಳುವ ಈ ಆಟ ನಮಗೆ ಹೊಸದೂ ಅಲ್ಲ. 2025ರ ಜೂನ್ 4ರಂದು ಆರ್‌ಸಿಬಿಯ ಐಪಿಎಲ್ ವಿಜಯೋತ್ಸವಕ್ಕೆ ಬಂದು ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ 11 ಜನ ಸತ್ತಾಗ, ಆ ಕಾರ್ಯಕ್ರಮಕ್ಕೂ ತನಗೂ ಸಂಬಂಧ ಇಲ್ಲ ಎಂದಿತು ಬಿಸಿಸಿಐ. ಲೀಗ್ ಅವರದು, ಕಪ್ ಅವರದು, ಹಿಂದಿನ ರಾತ್ರಿವರೆಗಿನ ಪಟಾಕಿಯೂ ಅವರದು. ಬೆಳಗಾದ ಮೇಲೆ ಹೊಣೆ ಇನ್ಯಾರದೋ. ಪೆಂಡಾಲಿನವನು ಬಿದ್ದರೆ ಮದುವೆ ಮನೆಯವರು ನಾವು ಛತ್ರದ ಬಾಡಿಗೆ ಕಟ್ಟಿದ್ದೇವಲ್ಲ ಅಂದ ಹಾಗೆ.

2024ರ ನವೆಂಬರ್ ಕೊನೆಯಲ್ಲಿ ನಡೆದದ್ದು ಹೆಚ್ಚು ಜನರಿಗೆ ಗೊತ್ತಾಗಲಿಲ್ಲ. ಫಿಫಾ ತಾನೇ ಮಾಡಿಸಿದ ಒಂದು ವರದಿಯನ್ನು ಹೊರಗೆ ಬಿಟ್ಟಿತು. ಕತಾರಿನ ಕೆಲಸಗಾರರಿಗೆ ಆದ ಕೆಲವು ಹಾನಿಗಳಲ್ಲಿ ಫಿಫಾದ ಪಾಲೂ ಇದೆ ಅನ್ನಲು ಆಧಾರ ಇದೆ, ಪರಿಹಾರದಲ್ಲಿ ಅದು ಕೈ ಜೋಡಿಸಬೇಕು ಅನ್ನುವುದು ವರದಿಯ ಸಾರ. ಅದೇ ಹೊತ್ತಿಗೆ ಫಿಫಾ 5 ಕೋಟಿ ಡಾಲರಿನ 'ಲೆಗಸಿ ಫಂಡ್' ಘೋಷಿಸಿತು. ವಿಶ್ವ ಆರೋಗ್ಯ ಸಂಸ್ಥೆ, ವಿಶ್ವ ವ್ಯಾಪಾರ ಸಂಸ್ಥೆ, ನಿರಾಶ್ರಿತರ ಸಂಸ್ಥೆ ಎಲ್ಲ ಅದರಲ್ಲಿ ಪಾಲುದಾರರು. ಸತ್ತವರ ಮನೆಗೆ ನೇರವಾಗಿ ಒಂದು ಡಾಲರೂ ಇಲ್ಲ. ಕಪ್ ಗೆದ್ದ ಅರ್ಜೆಂಟಿನಾಕ್ಕೆ ಸಿಕ್ಕಿದ್ದೇ 4.2 ಕೋಟಿ ಡಾಲರ್.

ಎರಡು ವಾರ ಕಳೆಯಲಿಲ್ಲ, ಡಿಸೆಂಬರ್ 11ರಂದು ಸೌದಿಗೆ 2034 ಸಿಕ್ಕಿತು. ಬೇರೆ ಯಾರೂ ಪೈಪೋಟಿಗೇ ಇರಲಿಲ್ಲ. ಆನ್‌ಲೈನ್ ಸಭೆಯಲ್ಲಿ ಚಪ್ಪಾಳೆ ತಟ್ಟಿ ಮುಗಿಸಿದರು. 15 ಸ್ಟೇಡಿಯಂ ಬೇಕು, ಅದರಲ್ಲಿ 11 ಹೊಸದಾಗಿ ಆಗಬೇಕು. ಮಾನವ ಹಕ್ಕುಗಳ ವಿಷಯದಲ್ಲಿ ಅಪಾಯ 'ಮಧ್ಯಮ' ಅಂತ ಫಿಫಾ ಅಂಕ ಕೊಟ್ಟಿದೆ. ಹೋಗುವವರು ಮತ್ತೆ ಇದೇ ನೇಪಾಳದವರು, ಬಾಂಗ್ಲಾದವರು, ಬಿಹಾರ, ಉತ್ತರ ಪ್ರದೇಶ, ತೆಲಂಗಾಣದವರು, ನಮ್ಮವರು.

ನಾನು ಕೇಳುವುದು ಆಕಾಶದ ನಕ್ಷತ್ರವನ್ನೇನಲ್ಲ. ಸ್ಟೇಡಿಯಂ ಇರಲಿ, ರಸ್ತೆ ಇರಲಿ, ಟೂರ್ನಿಗಾಗಿ ಏಳುವ ಪ್ರತಿ ಕೆಲಸದಲ್ಲಿ ಸತ್ತವರ ಲೆಕ್ಕ ಫಿಫಾ ತಾನೇ ಇಟ್ಟು ವರ್ಷಕ್ಕೊಮ್ಮೆ ಪ್ರಕಟಿಸಲಿ. ಪೋಸ್ಟ್‌ಮಾರ್ಟಂ ಇಲ್ಲದೆ ಸಹಜ ಸಾವು ಅಂತ ಬರೆದರೆ ಅದನ್ನು ಕೆಲಸದ ಸಾವು ಎಂದೇ ಹಿಡಿಯಲಿ. ಕ್ಲಬ್ಬುಗಳಿಗೆ ಎತ್ತಿಡುವ ಹಾಗೆ ಕೆಲಸಗಾರರಿಗೂ ಮೊದಲೇ ದುಡ್ಡು ಎತ್ತಿಡಲಿ. 2025ರ ಮಾರ್ಚಿನಲ್ಲಿ ಸೌದಿಯ ಅಲ್ ಖೋಬರ್‌ನ ಹೊಸ ಸ್ಟೇಡಿಯಂ ಕೆಲಸದಲ್ಲಿ ಪಾಕಿಸ್ತಾನದ ಒಬ್ಬ ಫೋರ್‌ಮನ್ ಮೇಲಿಂದ ಬಿದ್ದು ಸತ್ತಿದ್ದಾರೆ. ಅಲ್ಲಿ ಕಾಲಂ ಯಾವುದು ಅನ್ನುವ ತಕರಾರಿಲ್ಲ, ಸ್ಟೇಡಿಯಂ ಬೇಲಿಯೊಳಗೇ ನಡೆದ ಸಾವು ಅದು. ಫಿಫಾ ಆ ಮನೆಯಿಂದ ಶುರು ಮಾಡಲಿ, ಆಮೇಲೆ ಕತಾರಿನ ಹಳೇ ಬಾಕಿಗೆ ಬರಲಿ.