ತಾರಾ ಎಂಬ ಹೆಸರಿನ ಬಗ್ಗೆ

ಡಬ್ಲಿನ್‌ನಲ್ಲಿರುವ ನನ್ನ ತಂಗಿ ಮಗಳಿಗೆ ತಾರಾ ಎಂದು ಹೆಸರಿಡಲು ನಿಶ್ಚಯಿಸಿ, "ಇಲ್ಲಿಯೂ ಇದೇ ಹೆಸರಿದೆ, ಅರ್ಥವೂ ನಕ್ಷತ್ರವಂತೆ" ಎಂದು ಜಾಲತಾಣವೊಂದರ ಪುಟವನ್ನು ಕಳುಹಿಸಿದ್ದಳು. ಹೆಸರು ಹಿಡಿಸಿತು, ಆ ಪುಟ ಹಿಡಿಸಲಿಲ್ಲ.

ಐರ್ಲೆಂಡಿನ ತಾರಾ ಮೂಲದಲ್ಲಿ ಒಂದು ಗುಡ್ಡದ ಹೆಸರು. ಮೀತ್ ಕೌಂಟಿಯ ಆ ಗುಡ್ಡ ಪ್ರಾಚೀನ ಐರಿಷ್ ಅರಸರ ಪಟ್ಟದ ನೆಲೆ. 1939ರ ಹಾಲಿವುಡ್ ಚಿತ್ರವೊಂದರಲ್ಲಿ ನಾಯಕಿಯ ಮನೆತನದ ಹತ್ತಿ ತೋಟಕ್ಕೆ ಆ ಹೆಸರಿದ್ದುದರಿಂದ ಅಮೆರಿಕದ ಹೆಣ್ಣುಮಕ್ಕಳಿಗೂ ಅದು ಬಂತು. ನಕ್ಷತ್ರಕ್ಕೂ ಅದಕ್ಕೂ ಸಂಬಂಧವಿಲ್ಲ. ಉಚ್ಚಾರ ಕೂಡಿಬಂದ ಮಾತ್ರಕ್ಕೆ ನೆಂಟಸ್ತಿಕೆ ಕಟ್ಟುವುದಾದರೆ, ತ್ರಿಫಲಾ ಚೂರ್ಣಕ್ಕೆ ಹಾಕುವ ನಮ್ಮ ತಾರೆಕಾಯಿಯನ್ನೂ ಆ ಪಟ್ಟಿಗೆ ಸೇರಿಸಬೇಕಾಗುತ್ತದೆ.

ಸಂಸ್ಕೃತದ ತಾರೆಗೆ ಪಾರ್ಸಿಯ ಸಿತಾರೆಯೂ ಲ್ಯಾಟಿನ್ನಿನ ಸ್ಟೆಲ್ಲಾಳೂ ನಿಜವಾದ ಬಳಗ. ಆದರೆ ದಾಟಿಸು ಎಂಬರ್ಥದ 'ತೃ' ಧಾತುವಿನಿಂದ ಬಂದ ಇನ್ನೊಬ್ಬ ತಾರೆಯೂ ಇದ್ದಾಳೆ, ಬೌದ್ಧರ ತಾರಾದೇವಿ. ಟಿಬೆಟಿನ ಅನುವಾದಕರು ಈ ಹೆಸರನ್ನು ತಮ್ಮ ಭಾಷೆಗೆ ತಂದಾಗ ನಕ್ಷತ್ರವನ್ನು ಬಿಟ್ಟು ದಾಟಿಸುವವಳನ್ನೇ ಆರಿಸಿಕೊಂಡು ಡೊಲ್ಮಾ ಎಂದರು. ಬೈಲಕುಪ್ಪೆಯ ಟಿಬೆಟನ್ನರ ನಡುವೆ ಇಂದು ಕೇಳಿಬರುವ ಡೊಲ್ಮಾ ಎಂಬ ಹೆಸರು ನಮ್ಮ ತಾರಾಳದೇ. ಗದಗ ಜಿಲ್ಲೆಯ ಡಂಬಳದಲ್ಲಿರುವ, ಆರನೆಯ ವಿಕ್ರಮಾದಿತ್ಯನ ಕಾಲದ 1095ರ ಶಾಸನವು ಈ ದೇವಿಯ ಸ್ತುತಿಯೊಂದಿಗೇ ಆರಂಭವಾಗುತ್ತದೆ: ಸಿಂಹ, ಆನೆ, ಬೆಂಕಿ, ಹಾವು, ಕಳ್ಳರು, ಸಂಕೋಲೆ, ಕಡಲು, ಪಿಶಾಚಿ, ಈ ಎಲ್ಲದರ ಭಯವನ್ನು ಕಳೆಯುವ ಭಗವತಿ ತಾರೆಗೆ ನಮಸ್ಕಾರ ಎಂದು. ಬಯಲುಸೀಮೆಯ ಕಲ್ಲಿನ ಮೇಲೆ ಕಡಲ ಭಯವನ್ನೂ ಮರೆಯದೆ ಕೆತ್ತಿಸಿದವರ ಬಗ್ಗೆ ನನಗೆ ವಿಶೇಷ ಪ್ರೀತಿ.

ಅಮ್ಮನ ಆಕ್ಷೇಪ ಬೇರೆಯೇ ಇತ್ತು. "ಗಂಡನನ್ನು ಬಿಟ್ಟು ಚಂದ್ರನ ಹಿಂದೆ ಹೋದವಳ ಹೆಸರು ಯಾಕಮ್ಮಾ?" ಎಂದು ಬೃಹಸ್ಪತಿಯ ಪತ್ನಿಯನ್ನು ಎಳೆದು ತಂದರು. ಸುಗ್ರೀವ ಮತ್ತೆ ಕಾಳಗಕ್ಕೆ ಕರೆದಾಗ ಹೋಗಬೇಡವೆಂದು ವಾಲಿಗೆ ಬುದ್ಧಿ ಹೇಳಿದವಳೂ ತಾರೆಯೇ, ನೀವು ದಿನವೂ ಸ್ಮರಿಸುವ ಪಂಚಕನ್ಯೆಯರಲ್ಲಿ ಅವಳೂ ಒಬ್ಬಳು ಎಂದು ನಾನು ನೆನಪಿಸಿದ ಮೇಲೆ ಸುಮ್ಮನಾದರು.

ನಾಮಕರಣದ ದಿನ ತಂಗಿ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಹೆಸರನ್ನು ಕನ್ನಡದಲ್ಲಿ ಬರೆದಳು. ಅಲ್ಲಿನ ನೆರೆಯವರು ಈಗಾಗಲೇ ಮಗುವನ್ನು 'ಟಾರ' ಎಂದು ಕರೆಯುತ್ತಿದ್ದಾರಂತೆ.