ಬರೀ ಬೆಡ್ ರೆಸ್ಟ್ ಅಂತೆ!

"ಬರೀ ಬೆಡ್ ರೆಸ್ಟ್ ಅಲ್ವಾ ಸಾರ್, ಅದಕ್ಕೆ ಏಳು ದಿನ ಆಸ್ಪತ್ರೆ ಯಾಕೆ?"

ಮಧ್ಯಾಹ್ನದಿಂದ ಇದೊಂದೇ ಮಾತು ತಲೆಯಲ್ಲಿ ತಿರುಗುತ್ತಿದೆ. ಮೆಲ್ಲಗೆ ಹೇಳಿದ್ದರೆ ನುಂಗಿಕೊಳ್ಳುತ್ತಿದ್ದೆ ಮಾರಾಯ್ರೆ. ತಮ್ಮನ ಆಸ್ಪತ್ರೆ ಬಿಲ್ಲಿಗೆ ವಿಮೆಯ ದುಡ್ಡು ಕೇಳಲು ಹೋಗಿದ್ದೆ, ಕೊಡಲ್ಲ ಅಂದರು. ಕೌಂಟರಿನ ಗಾಜಿನಲ್ಲಿ ಅಂಗೈಯಷ್ಟು ತೂತು, ನಾನು ಬಗ್ಗಿ ಅದಕ್ಕೆ ಕಿವಿ ಕೊಟ್ಟು ನಿಂತಿದ್ದೆ, ಆ ಹುಡುಗ ನನ್ನ ಹಿಂದಿದ್ದ ಹತ್ತು ಜನರಿಗೂ ಕೇಳುವ ಹಾಗೆ ಹೇಳಿದ. ಡಿಸ್ಚಾರ್ಜ್ ಸಮರಿಯಲ್ಲಿ 'ಆಪರೇಷನ್: ಇಲ್ಲ' ಅಂತ ಇದ್ದಲ್ಲಿ ಪೆನ್ನಿನಿಂದ ಎರಡು ಸಲ ಕುಟ್ಟಿದ. ಟಕ್ ಟಕ್. ಹಿಂದಿನಿಂದ ಯಾರೋ "ಮನೆಯಲ್ಲೇ ಮಲಗಬಹುದಿತ್ತಲ್ಲ" ಅಂತ ನಕ್ಕರು. ನಾನೂ ನಕ್ಕೆ! ಯಾಕೆ ನಕ್ಕೆ? ಅದೇ ಈಗ ಉರಿಯುತ್ತಿರುವುದು. ಫೈಲ್ ಎತ್ತಿಕೊಂಡು ಥ್ಯಾಂಕ್ಸ್ ಬೇರೆ ಹೇಳಿ ಬಂದೆ.

ಕುಳೂರಿನ ರಸ್ತೆ ಹೊಂಡಕ್ಕೆ ಸ್ಕೂಟರ್ ಬಿದ್ದ ಕತೆ ಮತ್ತೆ ಬೇಡ. ಸ್ಕೂಟರಿನ ಹ್ಯಾಂಡಲ್ ತುದಿ ತಮ್ಮನ ಎಡ ಪಕ್ಕೆಲುಬಿನ ಕೆಳಗೆ ಕುತ್ತಿತು, ಅಷ್ಟೇ. ಹೊರಗೆ ನಾಣ್ಯದಷ್ಟು ಕೆಂಪು ಗುರುತು. ಎಡ ಭುಜ ನೋಯುತ್ತಿದೆ ಅಂದ. ನಾನು ಮಹಾ ಬುದ್ಧಿವಂತ, ಭುಜಕ್ಕೆ ಮುಲಾಮು ತಿಕ್ಕಿದೆ. ಹೊಟ್ಟೆಯೊಳಗೆ ಸೋರಿದ ರಕ್ತ ಎದೆ-ಹೊಟ್ಟೆ ನಡುವಿನ ಪರದೆಗೆ ತಾಗಿದರೆ ಭುಜ ನೋಯುತ್ತದಂತೆ, ನನಗೇನು ಗೊತ್ತು. ಸಿಟಿ ಸ್ಕ್ಯಾನಿನಲ್ಲಿ ಸ್ಪ್ಲೀನ್, ಅಂದ್ರೆ ಎಡ ಪಕ್ಕೆಲುಬಿನಡಿ ಇರುವ ರಕ್ತ ತುಂಬಿದ ಅಂಗ ಗುಲ್ಮ, ಮೂರು ಸೆಂಟಿಮೀಟರಿಗಿಂತ ಆಳ ಸೀಳಿತ್ತು. ಗಾಯದ ಲೆಕ್ಕದಲ್ಲಿ ಗ್ರೇಡ್ 3. ಇರುವುದೇ ಐದು ಗ್ರೇಡ್, ಐದನೆಯದು ಎಲ್ಲಕ್ಕಿಂತ ಕೆಟ್ಟದ್ದು. ಅಮೆರಿಕದ ಟ್ರಾಮಾ ಸರ್ಜನ್‌ಗಳು 1989ರಲ್ಲಿ ಮಾಡಿ 2018ರಲ್ಲಿ ತಿದ್ದಿದ ಪಟ್ಟಿ ಅದು. ಐಸಿಯು ಹೊರಗಿನ ಬೆಂಚಿನಲ್ಲಿ ರಾತ್ರಿ ಎರಡು ಗಂಟೆಗೆ ಕೂತು ಓದಿದ್ದು, ಈಗ ನನಗೇ ಪರೀಕ್ಷೆ ಕೊಟ್ಟರೂ ಪಾಸ್.

ನಿಜ ಹೇಳುತ್ತೇನೆ, ನಗಬೇಡಿ. ಆ ರಾತ್ರಿ ನಾನೂ ಇದೇ ಹುಡುಗನ ಹಾಗೆ ಸರ್ಜನ್ ಮೇಲೆ ಹಾರಿದ್ದೆ. "ಎಂತ ಡಾಕ್ಟ್ರೇ, ಒಳಗೆ ರಕ್ತ ಹೋಗ್ತಾ ಉಂಟು, ನೀವು ಸುಮ್ನೆ ನೋಡ್ತಾ ಇದ್ದೀರಾ?" ಪಾಪ, ಅವರು ಬೈಯಲಿಲ್ಲ. ಬಿಪಿ ಇಳಿಯದೆ ನಿಂತಿದೆ, ನಾಡಿ ಸರಿ ಇದೆ, ಬರೀ ಗ್ರೇಡ್ ನೋಡಿ ಕೊಯ್ಯುವುದಿಲ್ಲ, ಗುಲ್ಮ ತೆಗೆದರೆ ಜೀವನಪೂರ್ತಿ ಸೋಂಕಿನ ಭಯ, ಲಸಿಕೆಗಳೂ ಬೇಕು ಅಂದರು. ಅವರ 'ಸುಮ್ನೆ' ಹೇಗಿತ್ತು ಗೊತ್ತಾ? ಗಂಟೆಗೊಮ್ಮೆ ಬಿಪಿ. ಆರು ಗಂಟೆಗೊಮ್ಮೆ ರಕ್ತ ತೆಗೆದು ಹಿಮೋಗ್ಲೋಬಿನ್, 12.6 ಇದ್ದದ್ದು 10.2ಕ್ಕೆ ಇಳಿದಾಗ ಅಮ್ಮ ಗೋಡೆ ಹಿಡಿದು ಕೂತರು. ಎರಡು ಬಾಟಲಿ ರಕ್ತ ತಯಾರು, ಥಿಯೇಟರ್ ತಯಾರು, ಅವನಿಗೆ ಒಂದು ತೊಟ್ಟು ಬೊಂಡದ ನೀರೂ ಇಲ್ಲ. ಎರಡು ದಿನ ಕಳೆದ ಮೇಲೂ ಒಡೆದು ರಕ್ತ ಸುರಿಯಬಹುದು ಅಂತ ಹೇಳಿದ್ದರು. ಇದು ಮನೆಯಲ್ಲಿ ಮಲಗಿ ಆಗುವ ಕೆಲಸವಾ?

ದುಡ್ಡು ಕೊಡದಿರಲು ಕಾರಣ ಪಾಲಿಸಿಯ ಎಕ್ಸ್‌ಕ್ಲೂಷನ್ 05 ಅಂತೆ, ಅಂದ್ರೆ ವಿಮೆ ಕೊಡದ ಸಂದರ್ಭಗಳ ಪಟ್ಟಿಯಲ್ಲಿ ಒಂದು. ಚಿಕಿತ್ಸೆಗಲ್ಲದೆ ಬರೀ ಮಲಗಿಸಲಿಕ್ಕೆ ಅಡ್ಮಿಟ್ ಮಾಡಿದರೆ ದುಡ್ಡಿಲ್ಲ. 'ಚಿಕಿತ್ಸೆಗಲ್ಲದೆ' ಅಂತ ಅದರಲ್ಲೇ ಉಂಟಲ್ಲ ಸ್ವಾಮಿ! ಇಲ್ಲಿ ಅಲುಗಾಡದೆ ಮಲಗುವುದೇ ಚಿಕಿತ್ಸೆ. ಹೊಟ್ಟೆ ಕೊಯ್ದು ಗುಲ್ಮವನ್ನು ಬಾಟಲಿಯಲ್ಲಿ ಹಾಕಿ ನಿಮ್ಮ ಕೌಂಟರಿನ ಮೇಲೆ ಇಟ್ಟಿದ್ದರೆ ಪಾಸ್ ಮಾಡುತ್ತಿದ್ದಿರಾ? ಯಾರಾದರೂ ಉತ್ತರ ಕೊಡಿ. ಡಾಕ್ಟರ್ ಆದರೂ ಸರಿ, ಏಜೆಂಟ್ ಆದರೂ ಸರಿ, ನಮ್ಮ ಏಜೆಂಟ್ ಅಂತೂ ಫೋನ್ ಎತ್ತುತ್ತಿಲ್ಲ.

ಬಿಡಿ. ಒಂದು ಲಕ್ಷದ ಎಪ್ಪತ್ತೆರಡು ಸಾವಿರ ಹೋಯಿತು, ತಮ್ಮ ಉಳಿದ. ವಿಮೆ ದೂರು ಕೇಳುವ ಒಂಬುಡ್ಸ್‌ಮನ್ ಬೆಂಗಳೂರಿನಲ್ಲಿ, ಅದಕ್ಕೆ ಮೊದಲು ಕಂಪನಿಗೇ ದೂರು ಬರೆದು ಒಂದು ತಿಂಗಳು ಕಾಯಬೇಕು, ಯಾರಿಗೆ ಬೇಕು ಆ ಅಲೆದಾಟ. ಅಲ್ಲ, ಯಾಕೆ ಬಿಡಬೇಕು? ಹನ್ನೊಂದು ವರ್ಷ ಪ್ರೀಮಿಯಂ ಕಟ್ಟಿದ್ದು ನಾನು. ನಾಳೆಯೇ ಬರೆಯುತ್ತೇನೆ. ಮಲಗಿಸಿದ್ದೇ ಚಿಕಿತ್ಸೆ ಅಂತ ಸರ್ಜನ್ ಹತ್ತಿರ ಚೀಟಿ ಬೇಕು, ಅವರ ಮುಖ ನೋಡಲಿಕ್ಕೂ ನಾಚಿಕೆ.

ಈಗಷ್ಟೇ ತಮ್ಮ ಒಳಗಿನಿಂದ ಕೂಗಿದ. "ಅಣ್ಣಾ, ಕ್ಲೈಮ್ ಆಯ್ತಾ?"

ಆಯ್ತು ಅಂದೆ.