ಮೋಟರ್ ಕವರ್ ಆಗುತ್ತಂತೆ, ಅದರ ಹಲ್ಲು ಆಗಲ್ವಂತೆ!

ತಲೆ ಕೆಟ್ಟು ಹೋಗಿದೆ. ಇದನ್ನು ಎಲ್ಲಾದರೂ ಬರೆದು ಹಾಕದಿದ್ದರೆ ಇವತ್ತೂ ನಿದ್ದೆ ಬರಲ್ಲ.

7,400 ಡಾಲರ್. 2022ರ ಅಕ್ಟೋಬರ್‌ನಲ್ಲಿ ಸೆಕೆಂಡ್ ಹ್ಯಾಂಡ್ ಮೋಟರ್‌ಹೋಮ್, ಅಂದರೆ ಮನೆಯನ್ನೇ ಹೊತ್ತು ಓಡುವ ಗಾಡಿ, ಕೊಂಡಾಗ ಅದರ ಜೊತೆ ತಗುಲಿಸಿದ, ಗಾಡಿ ಕೆಟ್ಟರೆ ರಿಪೇರಿ ಖರ್ಚು ಕೊಡ್ತೀವಿ ಅನ್ನುವ 'ಎಕ್ಸ್‌ಟೆಂಡೆಡ್ ಸರ್ವಿಸ್ ಪ್ಲಾನ್'ಗೆ ನಾನು ಕೊಟ್ಟ ದುಡ್ಡು ಇದು. ಐದು ವರ್ಷದ ಪ್ಲಾನ್. ಮೂರನೇ ವರ್ಷದಲ್ಲಿ, ಮೊದಲ ಸಲ, ಒಂದೇ ಒಂದು ಕ್ಲೇಮ್ ಹಾಕಿದೆ. ಆಗಲ್ಲ ಅಂದರು.

ನಾವಿರುವುದು ಡಾಲಸ್ ಹತ್ತಿರ. ಗಾಡಿ 2017ರದ್ದು, ಫೋರ್ಡ್ ಇ-450 ಷಾಸಿ (ಎಂಜಿನ್, ಚಕ್ರ ಇರುವ ಕೆಳಗಿನ ಚೌಕಟ್ಟು) ಮೇಲೆ ಕಟ್ಟಿದ ಕ್ಲಾಸ್ ಸಿ. ಅಂದರೆ ಡ್ರೈವರ್ ತಲೆ ಮೇಲೆ ಅಟ್ಟದ ಥರ ಹಾಸಿಗೆ ಇರುತ್ತಲ್ಲ, ಅದು. ಜೂನ್‌ನಲ್ಲಿ ಅರಸೀಕೆರೆಯಿಂದ ಅಪ್ಪ ಅಮ್ಮ ಬಂದಿದ್ದರು. ಅಮ್ಮನಿಗೆ ಮಂಡಿ ನೋವು, ಹೋಟೆಲ್ ಊಟ ಸೇರಲ್ಲ. ಹಾಗಾಗಿ ಅಡುಗೆಮನೆ, ಬಚ್ಚಲು ಎಲ್ಲ ಜೊತೆಗೇ ಬರುವ ಈ ಗಾಡಿಯಲ್ಲೇ ನ್ಯೂ ಮೆಕ್ಸಿಕೋದ ಕಾರ್ಲ್ಸ್‌ಬಾಡ್ ಗುಹೆ ತೋರಿಸಿಕೊಂಡು ಬರೋಣ ಅಂತ ಹೊರಟೆವು. ಲಿಫ್ಟ್‌ನಲ್ಲಿ 750 ಅಡಿ ಕೆಳಗೆ ಇಳಿದು ಅಮ್ಮ ಗುಹೆ ನೋಡಿದರು. ಖುಷಿಪಟ್ಟರು. ಖುಷಿಯ ಕಥೆ ಅಲ್ಲಿಗೆ ಮುಗಿಯಿತು.

ಮರುದಿನ ಭಾನುವಾರ. ಹನ್ನೊಂದಕ್ಕೆ ಕ್ಯಾಂಪ್‌ಗ್ರೌಂಡ್ ಖಾಲಿ ಮಾಡಬೇಕು. ಸ್ಲೈಡ್ ಒಳಗೆ ಬರಲ್ಲ ಅಂತ ಕೂತಿತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಗಾಡಿ ನಿಲ್ಲಿಸಿ ಬಟನ್ ಒತ್ತಿದರೆ ಒಂದು ಗೋಡೆ, ಸೋಫಾ ಮತ್ತು ಊಟದ ಟೇಬಲ್ ಸಮೇತ, ಎರಡೂವರೆ ಅಡಿ ಹೊರಗೆ ಚಾಚಿಕೊಳ್ಳುತ್ತದೆ. ಅದೇ ಸ್ಲೈಡ್. ಎರಡು ಬದಿಗೆ ಎರಡು ಮೋಟರ್, ಎರಡೂ ಸಮನಾಗಿ ಓಡಬೇಕು. ನಮ್ಮದರಲ್ಲಿ ಎಡಗಡೆ ಅರ್ಧ ಅಡಿ ಒಳಗೆ ಬಂತು, ಬಲಗಡೆ 'ಕಟ ಕಟ ಕಟ' ಅಂತ ಸದ್ದು ಮಾಡಿ ಅಲ್ಲೇ ನಿಂತಿತು. ಹಳೇ ಮರದ ಬೀರುವಿನ ಡ್ರಾಯರ್ ಓರೆಯಾಗಿ ಸಿಕ್ಕಿಕೊಳ್ಳುತ್ತಲ್ಲ, ಹಾಗೆ. ಆಚೆ ಚಾಚಿಕೊಂಡಿರುವ ಗೋಡೆ ಇಟ್ಟುಕೊಂಡು ಹೈವೇಗೆ ಹೋಗಕ್ಕಾಗುತ್ತಾ?

ಪ್ಲಾನ್ ಕಾರ್ಡ್ ಮೇಲೆ ದೊಡ್ಡದಾಗಿ '24 ಗಂಟೆ' ಅಂತ ಇದೆ. ಫೋನ್ ಮಾಡಿದೆ. ಆ 24 ಗಂಟೆ ಟೋ ಮಾಡುವುದಕ್ಕೆ, ಅಂದರೆ ಕೆಟ್ಟ ಗಾಡಿ ಎಳೆದುಕೊಂಡು ಹೋಗುವುದಕ್ಕೆ ಮಾತ್ರವಂತೆ, ಕ್ಲೇಮ್ ಆಫೀಸ್ ಸೋಮವಾರದಿಂದ ಶುಕ್ರವಾರವಂತೆ. ಸರಿ ಟೋ ಮಾಡಿ ಅಂದರೆ, ಎಂಜಿನ್ ಸ್ಟಾರ್ಟ್ ಆಗುತ್ತಾ ಅಂತ ಕೇಳಿದರು. ಆಗುತ್ತೆ. ಹಾಗಾದರೆ ಟೋ ಇಲ್ಲ! ಇನ್ನೂ ಒಂದು ಮಾತು ಮರೆಯದೆ ಹೇಳಿದರು ಪುಣ್ಯಾತ್ಮರು, ಅಪ್ರೂವಲ್ ಸಿಗುವ ಮೊದಲು ಯಾರ ಹತ್ತಿರವಾದರೂ ಬಿಚ್ಚಿಸಿದರೆ ಕ್ಲೇಮ್ ಕ್ಯಾನ್ಸಲ್ ಅಂತ.

ಬಿಸಿಲು 100 ಡಿಗ್ರಿ ಫ್ಯಾರನ್‌ಹೀಟ್ ದಾಟಿತ್ತು. ಯಾವುದೋ ವಿಡಿಯೋ ನೋಡಿ ಸ್ಲೈಡ್‌ನ ಕಂಟ್ರೋಲರ್ ಬಟನ್ 6 ಸಲ ಒತ್ತಿ ಬಿಟ್ಟು, 7ನೇ ಸಲ ಒತ್ತಿ ಹಿಡಿದು, ಎಲ್ಲ ಮಾಡಿದೆ. ಏನೂ ಆಗಲಿಲ್ಲ. ಕೊನೆಗೆ ಅಕ್ಕಪಕ್ಕದ ಗಾಡಿಯವರು ನಾಲ್ಕು ಜನ ಬಂದರು. ಮೋಟರ್ ಬಿಡಿಸಿ ಗೋಡೆಗೆ ಭುಜ ಕೊಟ್ಟು ತಳ್ಳಿದರು, ನಮ್ಮೂರಲ್ಲಿ ಹೂತುಕೊಂಡ ಲಾರಿ ತಳ್ಳಿದ ಹಾಗೆ. ಒಳಗಡೆ ಅಮ್ಮ ದೋಸೆ ಹಿಟ್ಟಿನ ಡಬ್ಬಿ ತಬ್ಬಿಕೊಂಡು ಕೂತಿದ್ದರು. ಗೋಡೆ ಒಳಗೆ ಬಂತು. ಮತ್ತೆ ಜಾರದಿರಲಿ ಅಂತ ಒಬ್ಬ ಅಜ್ಜ ತನ್ನ ಗಾಡಿಯಿಂದ ಮರದ ತುಂಡು ತಂದು, ಅಳತೆಗೆ ಕುಯ್ದು, ಒಳಗಿನಿಂದ ಅಡ್ಡ ಕೊಟ್ಟ. ದುಡ್ಡು ಕೊಡಲು ಹೋದರೆ ನಕ್ಕು ಹೊರಟುಹೋದ. 7,400 ಡಾಲರ್‌ನ ಪ್ಲಾನ್ ಮಾಡದ ಕೆಲಸ ಒಂದು ತುಂಡು ಮರ ಮಾಡಿತು.

ಊರಿಗೆ ಬಂದು ರಿಪೇರಿ ಶಾಪಿಗೆ ಹಾಕಿದೆ. ಐದು ವಾರ ಕಾಯಿಸಿದರು. ಇದು ಫೋರ್ಡ್ ಗಾಡಿ ತಾನೇ ಅಂತ ಯಾವುದೋ ಕಾರ್ ಸರ್ವಿಸ್ ಸೆಂಟರಿಗೆ ಹೋಗಕ್ಕಾಗಲ್ಲ. ಎಷ್ಟೋ ಕಡೆ ಇಷ್ಟುದ್ದದ ಗಾಡಿ ಬಾಗಿಲಲ್ಲೇ ತೂರಲ್ಲ, ತೂರಿದರೂ ಅವರು ನೋಡುವುದು ಎಂಜಿನ್, ಗೇರ್, ಬ್ರೇಕ್ ಅಷ್ಟೇ. ಮೇಲಿನ ಮನೆಗೆ ಬೇರೆ ಶಾಪ್. ಶಾಪಿನವನು ಬಿಚ್ಚಿ ನೋಡಿದ. ಬಲಗಡೆ ಮೋಟರ್ ಸುಟ್ಟಿದೆ. ಯಾಕೆ ಸುಟ್ಟಿತು? ಕೆಳಗಿನ ಹಲ್ಲುಚಕ್ರ ತುಕ್ಕು ಹಿಡಿದು ಸವೆದಿದೆ. ಯಾಕೆ ತುಕ್ಕು ಹಿಡಿಯಿತು? ಮೂಲೆಯ ರಬ್ಬರ್ ಸೀಲ್ ಹತ್ತಿರ ನೀರು ಇಳಿದಿದೆ. 4,100 ಡಾಲರ್ ಎಸ್ಟಿಮೇಟ್ ಕೊಟ್ಟ.

ಈಗ ಪ್ಲಾನ್ ಕಂಪನಿಯವರ ತರ್ಕ ಕೇಳಿ. ಸ್ಲೈಡ್ ಮೋಟರ್ ಕವರ್ ಆಗುತ್ತೆ, ಪಟ್ಟಿಯಲ್ಲಿ ಹೆಸರಿದೆ. ಹಲ್ಲುಚಕ್ರ ಸವೆದಿದೆ, ಸವೆತ ಕವರ್ ಇಲ್ಲ. ತುಕ್ಕು ಕವರ್ ಇಲ್ಲ. ಸೀಲ್ ಕವರ್ ಇಲ್ಲ. ನೀರಿನಿಂದ ಆದ ಹಾನಿ ಯಾವುದೂ ಕವರ್ ಇಲ್ಲ. ಸರಿ ಸ್ವಾಮಿ, ಮೋಟರ್ ಒಂದಕ್ಕಾದರೂ ಕೊಡಿ ಅಂದೆ. ಅದೂ ಇಲ್ಲ! ಯಾಕಂದರೆ ಕವರ್ ಇಲ್ಲದ ಭಾಗದಿಂದಾಗಿ ಕವರ್ ಇರುವ ಭಾಗ ಕೆಟ್ಟರೆ, ಕವರ್ ಇರುವ ಭಾಗಕ್ಕೂ ಕವರ್ ಇಲ್ಲ. ಇನ್ನೊಂದು ಸಲ ಓದಿ. ನಾನು ಹನ್ನೆರಡು ಸಲ ಓದಿದ್ದೇನೆ.

ಮೋಟರ್ ಅನ್ನುವುದು ಸುಮ್ನೆ ತನ್ನಷ್ಟಕ್ಕೆ ತಾನೇ, ಯಾವ ಕಾರಣವೂ ಇಲ್ಲದೆ, ಧ್ಯಾನದಲ್ಲಿ ಕೂತು ಪ್ರಾಣ ಬಿಡಬೇಕಾ ಇವರಿಗೆ?

ಸೀಲ್ ಸರಿಯಾಗಿ ನೋಡಿಕೊಂಡಿದ್ದಕ್ಕೆ ಬಿಲ್ ತೋರಿಸಿ ಅಂತ ಬೇರೆ ಕೇಳಿದರು. ಆರು ತಿಂಗಳಿಗೊಮ್ಮೆ ನಾನೇ ಏಣಿ ಹಾಕಿ ಛಾವಣಿ ಹತ್ತಿ, ಬಿರುಕು ಬಿಟ್ಟಲ್ಲೆಲ್ಲ ಸಂದಿ ಮುಚ್ಚುವ ಸೀಲೆಂಟ್ ಬಳಿದಿದ್ದೇನೆ. ಕೈಯಾರೆ ಮಾಡಿದ ಕೆಲಸಕ್ಕೆ ಬಿಲ್ ಎಲ್ಲಿಂದ ತರಲಿ? ನನ್ನ ಪ್ಯಾಂಟಿಗೆ ಮೆತ್ತಿಕೊಂಡಿರುವ ಸೀಲೆಂಟ್ ಫೋಟೋ ಕಳಿಸಲಾ?

ಮಾರುವಾಗ ಏನು ಹೇಳಿದ್ದರು ಅನ್ನುವುದು ನೆನಪಾದರೆ ರಕ್ತ ಕುದಿಯುತ್ತದೆ. ಗಾಡಿ ಆಯ್ಕೆ ಮಾಡಿ, ರೇಟ್ ಚೌಕಾಸಿ ಮಾಡಿ, ಮಕ್ಕಳು ಹಸಿವು ಅಂತ ಅಳುವ ಹೊತ್ತಿಗೆ ಫೈನಾನ್ಸ್ ರೂಮಿಗೆ ಕೂರಿಸಿದರು. ಅಲ್ಲಿದ್ದ ಮನುಷ್ಯ 'ಬಂಪರ್ ಟು ಬಂಪರ್ ವಾರಂಟಿ', ಅಂದರೆ ಹಿಂದಿನಿಂದ ಮುಂದಿನವರೆಗೆ ಇಡೀ ಗಾಡಿಗೆ, ಅಂತಲೇ ಮಾತು ಶುರು ಮಾಡಿದ. ಕೈಗೆ ಕೊಟ್ಟಿದ್ದು ಹೊಳೆಯುವ ಬ್ರೋಷರ್. ಸಹಿ ಹಾಕಿಸಿಕೊಂಡಿದ್ದು ಟ್ಯಾಬ್ಲೆಟ್ ಮೇಲೆ, ಬೆರಳಿನಿಂದ. 38 ಪುಟದ ಅಸಲಿ ಕಾಗದ ಬಂದಿದ್ದು ಆಮೇಲೆ ಈಮೇಲ್‌ನಲ್ಲಿ. ಅದರಲ್ಲಿ ಇದು ವಾರಂಟಿ ಅಲ್ಲ, ಸರ್ವಿಸ್ ಕಾಂಟ್ರಾಕ್ಟ್ ಅಂತ ಸ್ಪಷ್ಟವಾಗಿ ಬರೆದಿದೆ. ಎರಡಕ್ಕೂ ವ್ಯತ್ಯಾಸ ಇದೆ ಅಂತ ಗ್ರಾಹಕರ ಹಿತ ನೋಡುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಕೂಡ ಹೇಳುತ್ತದೆ. ವಾರಂಟಿ ವಸ್ತುವಿನ ಬೆಲೆಯಲ್ಲೇ ಸೇರಿರುತ್ತದೆ, ಇದಕ್ಕೆ ಬೇರೆ ದುಡ್ಡು. ಇಷ್ಟು ವರ್ಷ ಇಲ್ಲಿದ್ದೂ ನನಗದು ಗೊತ್ತಿರಲಿಲ್ಲ. ನನ್ನ ತಪ್ಪೂ ಇದೆ, ಒಪ್ಪುತ್ತೇನೆ.

ಆ 38 ಪುಟ ಪೂರ್ತಿ ಓದಿದ್ದು ನಾನಲ್ಲ, ಅಪ್ಪ. ಅವರು ಮೂವತ್ತು ವರ್ಷ ಸಬ್ ರಿಜಿಸ್ಟ್ರಾರ್ ಕಚೇರಿ ಎದುರು ಪತ್ರ ಬರೆದವರು. ಪ್ರಿಂಟ್ ತೆಗೆಸಿಕೊಡು ಅಂದರು. ಎರಡು ದಿನ ಕನ್ನಡಕ ಏರಿಸಿಕೊಂಡು, ಪೆನ್ಸಿಲ್‌ನಲ್ಲಿ ಗೆರೆ ಎಳೆಯುತ್ತಾ, ಗೊತ್ತಾಗದ ಇಂಗ್ಲಿಷ್ ಪದಕ್ಕೆ ನನ್ನನ್ನು ಕರೆಯುತ್ತಾ ಓದಿದರು. ಕೊನೆಗೆ ಕಾಗದ ಮಡಚಿ ಹೇಳಿದರು, "ಚೆಕ್ಕುಬಂದಿ ಇಲ್ಲದ ಪತ್ರ ಕಣೋ ಇದು. ಪೂರ್ವಕ್ಕೆ ಏನು, ಪಶ್ಚಿಮಕ್ಕೆ ಏನು ಅಂತಲೇ ಇಲ್ಲ. ಇವಿಷ್ಟೇ ಅಲ್ಲದೆ ಇನ್ನಿತರ, ಇವಿಷ್ಟೇ ಅಲ್ಲದೆ ಇನ್ನಿತರ ಅಂತ ಹದಿನೆಂಟು ಕಡೆ ಬರೆದಿದ್ದಾನೆ. ಇಂಥ ಪತ್ರಕ್ಕೆ ನಮ್ಮ ಕಡೆ ದನ ಕಾಯುವವನೂ ಹೆಬ್ಬೆಟ್ಟು ಒತ್ತುತ್ತಿರಲಿಲ್ಲ."

ನಾನು ಬೆರಳು ಒತ್ತಿದ್ದೆ.

ಪ್ಲಾನ್‌ಗಳಲ್ಲಿ ಎರಡು ಥರ ಇವೆಯಂತೆ, ಈಗ ತಿಳಿಯಿತು. ಒಂದರಲ್ಲಿ ಯಾವ್ಯಾವ ಭಾಗ ಕವರ್ ಆಗುತ್ತೆ ಅಂತ ಪಟ್ಟಿ ಇರುತ್ತದೆ, ಪಟ್ಟಿಯಲ್ಲಿ ಇಲ್ಲದ್ದು ಇಲ್ಲ. ಇನ್ನೊಂದರಲ್ಲಿ ಏನೇನು ಆಗಲ್ಲ ಅಂತ ಪಟ್ಟಿ, ಉಳಿದದ್ದೆಲ್ಲ ಆಗುತ್ತೆ. ನನಗೆ ಬಾಯಲ್ಲಿ ಹೇಳಿದ್ದು ಎರಡನೆಯದು, ಕೈಗೆ ಕೊಟ್ಟಿದ್ದು ಮೊದಲನೆಯದು. ನನ್ನ ಸಹೋದ್ಯೋಗಿ ಒಬ್ಬರಿಗೆ ಗ್ಯಾಸ್‌ನಲ್ಲಿ ಓಡುವ ಫ್ರಿಜ್‌ನ ಕೂಲಿಂಗ್ ಯೂನಿಟ್‌ಗೆ ಮರುಮಾತಿಲ್ಲದೆ ದುಡ್ಡು ಬಂತು. ಅವರದ್ದು ಎರಡನೇ ಥರದ್ದು. ಹಾಗಾಗಿ ಎಲ್ಲ ಪ್ಲಾನೂ ಮೋಸ ಅನ್ನಲ್ಲ. ನನ್ನದು ಮೋಸ ಅಂತೀನಿ.

ತಮಾಷೆ ನೋಡಿ, ನನ್ನ ಪ್ಲಾನ್ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಎಂಜಿನ್ ಮತ್ತು ಗೇರ್‌ಬಾಕ್ಸನ್ನು. ಅವು ಡೆಲಿವರಿ ವ್ಯಾನು, ಆಂಬುಲೆನ್ಸುಗಳಲ್ಲಿ ವರ್ಷಾನುಗಟ್ಟಲೆ ದುಡಿಯುವಂಥವು, ಅಷ್ಟು ಬೇಗ ಕೆಡಲ್ಲ. ಕೆಡುವುದು ಮೇಲಿನ ಮನೆ. ಇಲ್ಲಿನ ಆರ್‌ವಿಗಳಲ್ಲಿ (ಇಂಥ ಮನೆ-ಗಾಡಿಗಳಲ್ಲಿ) ಬಹುಪಾಲು ಇಂಡಿಯಾನಾದ ಎಲ್ಕ್‌ಹಾರ್ಟ್ ಸುತ್ತಮುತ್ತ ತಯಾರಾಗುತ್ತವೆ. ಪ್ಲೈವುಡ್, ಸ್ಟೇಪಲ್ ಪಿನ್ನು, ಅಂಟು, ಫೈಬರ್ ಹಾಳೆ ಸೇರಿಸಿ ಮಾಡಿದ ಮನೆಯನ್ನು ಗಂಟೆಗೆ 65 ಮೈಲಿಯಲ್ಲಿ ಕುಲುಕಿದರೆ ಮೊದಲು ಬಿಡುವುದು ಸಂದಿ, ಮೊದಲು ಇಳಿಯುವುದು ನೀರು. ಅದು ಪ್ಲಾನ್ ಬರೆದವನಿಗೆ ಗೊತ್ತಿಲ್ಲದೆ ಇರುತ್ತಾ? ಗೊತ್ತಿರುವುದಕ್ಕೇ ಸಂದಿ ಮತ್ತು ನೀರನ್ನು ಆಚೆ ಇಟ್ಟಿದ್ದು.

ಯಾರನ್ನು ಕೇಳಬೇಕು ಅಂದರೆ ಅದೂ ಗೊಂದಲ. ಮಾರಿದವನು ಡೀಲರ್. ಕ್ಲೇಮ್ ನೋಡುವುದು ಬೇರೆ ರಾಜ್ಯದ ಇನ್ನೊಂದು ಕಂಪನಿ. ದುಡ್ಡಿಗೆ ಜಾಮೀನು ನಿಂತಿರುವುದು ಮೂರನೇ ಒಂದು ಇನ್ಶೂರೆನ್ಸ್ ಕಂಪನಿ. ತಾಲ್ಲೂಕು ಕಚೇರಿ ಥರ, ಈ ಟೇಬಲ್ ಅಲ್ಲ ಆ ಟೇಬಲ್. ಅಲ್ಲಾದರೂ ಟೇಬಲ್ ಹಿಂದೆ ಒಬ್ಬ ಮನುಷ್ಯನ ಮುಖ ಕಾಣುತ್ತೆ, ಇಲ್ಲಿ ಫೋನ್ ಹಿಡಿದುಕೊಂಡು ನಲವತ್ತು ನಿಮಿಷ ಪಿಯಾನೋ ಕೇಳಬೇಕು. ನಮ್ಮ ಟೆಕ್ಸಸ್‌ನಲ್ಲಿ ಇಂಥ ಪ್ಲಾನ್ ನಡೆಸುವ ಕಂಪನಿಗಳಿಗೆ ರಾಜ್ಯದ ಲೈಸೆನ್ಸಿಂಗ್ ಇಲಾಖೆಯ ಲೈಸೆನ್ಸ್ ಬೇಕು. ಅಲ್ಲಿಗೆ ದೂರು ಬರೆದು ಹಾಕಿದ್ದೇನೆ, ಅಪ್ಪನ ಪೆನ್ಸಿಲ್ ಗೆರೆಗಳ ಸ್ಕ್ಯಾನ್ ಸಮೇತ.

ಬಿಚ್ಚಿ ನೋಡಿದ್ದಕ್ಕೆ ಶಾಪಿನವನ ಬಿಲ್ 460 ಡಾಲರ್. ಕ್ಲೇಮ್ ಪಾಸಾಗಿದ್ದರೆ ಅವರು ಕೊಡುತ್ತಿದ್ದರಂತೆ. ಪಾಸಾಗಲಿಲ್ಲವಲ್ಲ, ನಾನು ಕೊಟ್ಟೆ.

ಬೇಡವೇ ಬೇಡ, ಪ್ಲಾನ್ ಕ್ಯಾನ್ಸಲ್ ಮಾಡಿ ಅಂದೆ. ಉಳಿದ ತಿಂಗಳುಗಳ ಲೆಕ್ಕ ಹಾಕಿ, ಕ್ಯಾನ್ಸಲ್ ಫೀಸ್ ಮುರಿದುಕೊಂಡು 3,300 ಚಿಲ್ಲರೆ ವಾಪಸ್ ಕೊಡುತ್ತಾರಂತೆ. ಅಷ್ಟಾದರೂ ಬರಲಿ, ರಿಪೇರಿಗೆ ಆಗುತ್ತೆ ಅಂದುಕೊಂಡೆ. ಆಮೇಲೆ ಫೋನ್‌ನಲ್ಲಿದ್ದ ಪ್ಲಾನ್ ಕಂಪನಿಯ ಹುಡುಗಿ ಮೆಲ್ಲಗೆ ಹೇಳಿದಳು, ಪ್ಲಾನ್ ದುಡ್ಡು ಗಾಡಿ ಲೋನ್ ಒಳಗೇ ಸೇರಿರುವುದರಿಂದ ಚೆಕ್ ನನಗೆ ಬರಲ್ಲ, ನೇರ ಬ್ಯಾಂಕಿಗೆ ಹೋಗುತ್ತೆ. ತಿಂಗಳ ಕಂತು ಕಡಿಮೆಯಾಗುತ್ತಾ ಅಂತ ಬ್ಯಾಂಕಿಗೆ ಫೋನ್ ಮಾಡಿ ಕೇಳಿದೆ. ಇಲ್ಲ, ಕಂತು ಅಷ್ಟೇ ಇರುತ್ತೆ, ಲೋನ್ ಕೊಂಚ ಬೇಗ ತೀರುತ್ತೆ ಅಂದರು. 15 ವರ್ಷದ ಲೋನ್. ಅಂದರೆ 2037ರಲ್ಲಿ ತೀರಬೇಕಾದ ಸಾಲ ಒಂದಷ್ಟು ತಿಂಗಳು ಮೊದಲೇ ತೀರಿದಾಗ ನನ್ನ ದುಡ್ಡು ನನಗೆ ಬಂದ ಹಾಗೆ. ಅಲ್ಲಿವರೆಗೆ ಆ ಅಜ್ಜ ಕುಯ್ದುಕೊಟ್ಟ ಮರದ ತುಂಡೇ ಗತಿ.